ಬಾದಾಮಿಗೆ ಹೊರಟಿದ್ದೀರಾ? ಮೊದಲು ಮೊಣಕಾಲು ಅಳೆಯಿರಿ

ಭೂತನಾಳ ಕೆರೆಯ ಕಡೆ ಬೆಳಗಿನ ಜಾವ ಹೋದರೆ ಓಡುವ ಹುಡುಗ–ಹುಡುಗಿಯರು ಸಿಗುತ್ತಾರೆ. ಒಬ್ಬರಿಗೆ ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆ, ಇನ್ನೊಬ್ಬರಿಗೆ ಸೇನಾ ಭರ್ತಿ, ಮತ್ತೊಬ್ಬರಿಗೆ ಅರಣ್ಯ ರಕ್ಷಕನ ಹುದ್ದೆ. ಎಲ್ಲರ ಬಂಡವಾಳ ಒಂದೇ: ಎರಡು ಗಟ್ಟಿ ಮೊಣಕಾಲು. ಚಳಿಗಾಲ ಬಂತೆಂದರೆ ಇದೇ ಗುಂಪಿನ ಕೆಲವರು ಕಾಲೇಜಿನ ಸಾಹಸ ಶಿಬಿರಕ್ಕೆಂದು ಬಾದಾಮಿಯ ರೈಲು ಹತ್ತುತ್ತಾರೆ. ಹೊರಡುವ ಮೊದಲು ಗೆಳೆಯರ ಗುಂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಮೊಣಕಾಲಿಗೆ ಪ್ಯಾಡ್ ತಗೋಬೇಕೇನಪಾ? ಯಾವುದು ತಗೊಳ್ಲಿ?’

ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ನೀ ಪ್ಯಾಡ್ ಎಂಬ ಒಂದೇ ಹೆಸರಿನಲ್ಲಿ ಅಂಗಡಿಯಲ್ಲೂ ಮೊಬೈಲ್‌ನಲ್ಲೂ ಮಾರಾಟವಾಗುವ ವಸ್ತುಗಳು ಹಲವು. ಅವುಗಳಲ್ಲಿ ಬಂಡೆ ಏರಲು ಬೇಕಾದದ್ದು ಒಂದೇ ಬಗೆ. ಉಳಿದವು ಕೆಲಸಕ್ಕೆ ಬಾರದವು, ಒಂದಂತೂ ಅಪಾಯಕಾರಿ. ಕೋಚಿಂಗ್ ಫೀಸು, ಅರ್ಜಿ ಶುಲ್ಕ, ಬಸ್ ಚಾರ್ಜು ಎಂದು ಲೆಕ್ಕ ಹಾಕಿ ಬದುಕುವ ನಮ್ಮಂಥವರು ಸಾವಿರಾರು ರೂಪಾಯಿ ಕೊಡುವ ಮೊದಲು ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಕಲ್ಲು ಯಾವುದು, ಗಾಯ ಎಂಥದ್ದು?

ವಿಜಯಪುರ, ತಿಕೋಟಾ, ಬಬಲೇಶ್ವರದ ನೆಲದಡಿ ಇರುವುದು ದಖನ್ನಿನ ಕಪ್ಪು ಬಸಾಲ್ಟ್ ಕಲ್ಲು. ಗೋಳಗುಮ್ಮಟ ಎದ್ದಿರುವುದೂ ಇಂಥ ಕಪ್ಪು ಕಲ್ಲಿನಿಂದಲೇ. ಆದರೆ ನಮ್ಮ ಬಯಲಿನಲ್ಲಿ ಹಗ್ಗ ಹಾಕಿ ಏರುವಂಥ ಎತ್ತರದ ಬಂಡೆಗೋಡೆಗಳಿಲ್ಲ. ಅದಕ್ಕೆ ದಕ್ಷಿಣಕ್ಕೆ ಇಳಿದು, ಬಾಗಲಕೋಟೆ ದಾಟಿ, ಬಾದಾಮಿಗೇ ಹೋಗಬೇಕು. ಅಲ್ಲಿಯದು ಕೆಂಪು ಮರಳುಗಲ್ಲು. ನೇರ ಗೋಡೆ, ಬೆರಳ ತುದಿಗೆ ಸಿಗುವ ಅಡ್ಡ ಅಂಚುಗಳು, ಅಲ್ಲಲ್ಲಿ ತಲೆಯ ಮೇಲೆ ಚಾಚಿಕೊಂಡ ಛಾವಣಿಗಳು ಇದರ ಗುಣ. ಇನ್ನೂ ಮುಂದೆ ಹಂಪಿಗೆ ಹೋದರೆ ಗ್ರಾನೈಟ್. ಅಲ್ಲಿ ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸಿಗೆ ಇಟ್ಟುಕೊಂಡು ಗುಂಡುಗಳನ್ನು ಏರುವ ಬೌಲ್ಡರಿಂಗ್ ಜಾಸ್ತಿ.

ಮರಳುಗಲ್ಲಿಗೆ ಮೊಣಕಾಲು ತಾಗಿದರೆ ಉಪ್ಪುಕಾಗದ ಉಜ್ಜಿದಂತೆ ಚರ್ಮ ಸವೆಯುತ್ತದೆ. ಗ್ರಾನೈಟ್‌ನ ಹರಳುಗಳು ಚುಚ್ಚಿ ತರಚುತ್ತವೆ. ಹೊಸಬರಿಗೆ ಆಗುವ ಗಾಯಗಳಲ್ಲಿ ಇಂಥ ತರಚು ಗಾಯವೇ ಸಾಮಾನ್ಯ. ಅದಕ್ಕೆ ದುಬಾರಿ ಪ್ಯಾಡ್ ಬೇಕಿಲ್ಲ, ಮೊಣಕಾಲು ಮುಚ್ಚುವ, ಹಿಗ್ಗುವ ದಪ್ಪ ಟ್ರ್ಯಾಕ್ ಪ್ಯಾಂಟ್ ಸಾಕು.

ಹೆಸರು ಒಂದೇ, ವಸ್ತು ನಾಲ್ಕು

ಮೊದಲನೆಯದು ಔಷಧ ಅಂಗಡಿಯ ನೀ ಕ್ಯಾಪ್. ಹಿಗ್ಗುವ ಬಟ್ಟೆಯ ಈ ಚೀಲ ಕೀಲಿಗೆ ಸ್ವಲ್ಪ ಬಿಗಿಯನ್ನೂ ಬೆಚ್ಚಗಿನ ಅನುಭವವನ್ನೂ ಕೊಡುತ್ತದೆ. ಬಂಡೆಗೆ ಉಜ್ಜಿದರೆ ಬೇಗ ಹರಿಯುತ್ತದೆ. ಹಿಡಿತವಂತೂ ಇಲ್ಲ.

ಎರಡನೆಯದು ವಾಲಿಬಾಲ್ ಆಟಗಾರರ ಸ್ಪಂಜಿನ ಪ್ಯಾಡ್. ನೆಲಕ್ಕೆ ಬಿದ್ದಾಗ ಪೆಟ್ಟು ತಡೆಯಲು ಒಳ್ಳೆಯದು. ಹಂಪಿಯ ಗುಂಡುಗಳ ಮೇಲೆ ಅಂಬೆಗಾಲಿಡುವ ಹೊಸಬರಿಗೆ ಚರ್ಮ ಉಳಿಸಬಹುದು, ಅಷ್ಟೆ.

ಮೂರನೆಯದು ಬೈಕ್ ಮತ್ತು ಸ್ಕೇಟಿಂಗ್‌ನವರ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಗಾರ್ಡ್. ಇದನ್ನು ಮಾಡಿರುವುದೇ ರಸ್ತೆಯ ಮೇಲೆ ಬಿದ್ದಾಗ ಸಿಕ್ಕಿಕೊಳ್ಳದೆ ಜಾರಲಿ ಎಂದು. ಬಂಡೆಯ ಮೇಲೆ ನಮಗೆ ಬೇಕಾದದ್ದು ಅದರ ತದ್ವಿರುದ್ಧ. ಪ್ಲಾಸ್ಟಿಕ್ ಚಿಪ್ಪನ್ನು ಕಲ್ಲಿಗೆ ಒತ್ತಿ ಭಾರ ಹಾಕಿದರೆ ಜಾರುವುದು ಖಂಡಿತ. ಇದೊಂದನ್ನು ಬಂಡೆಯ ಹತ್ತಿರವೂ ಒಯ್ಯಬೇಡಿ. ಟೈಲ್ಸ್ ಕೂಡಿಸುವವರ ಪ್ಯಾಡ್ ಕೂಡ ಹೆಚ್ಚುಕಮ್ಮಿ ಇದೇ ಸಾಲಿಗೆ ಸೇರುತ್ತದೆ. ಮೊಣಕಾಲೂರಿ ಕೆಲಸ ಮಾಡುವವರ ಪ್ಯಾಡಿಗೆ ಯುರೋಪಿನಲ್ಲಿ ಇಎನ್ 14404 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಆದರೆ ಅದು ಸಮತಟ್ಟಾದ ನೆಲದ ಕೆಲಸಕ್ಕೆ, ಗೋಡೆ ಏರುವುದಕ್ಕಲ್ಲ.

ನಾಲ್ಕನೆಯದೇ ನಿಜವಾದ ಕ್ಲೈಂಬಿಂಗ್ ನೀ ಪ್ಯಾಡ್. ನಿಯೋಪ್ರೀನ್ ಅಥವಾ ಅಂಥದ್ದೇ ಹಿಗ್ಗುವ ಬಟ್ಟೆಯ ತೋಳು, ಅದರ ಮೇಲೆ ಕ್ಲೈಂಬಿಂಗ್ ಶೂಗಳ ಅಡಿಗೆ ಹಾಕುವಂಥ ಅಂಟುಗುಣದ ರಬ್ಬರ್ ಹಾಳೆ, ಹಿಂಬದಿಯಲ್ಲಿ ಒಂದೋ ಎರಡೋ ಪಟ್ಟಿ. ಸೆಂಡ್, ಲಾ ಸ್ಪೋರ್ಟಿವಾದಂಥ ವಿದೇಶಿ ಕಂಪನಿಗಳು ಇದನ್ನು ಮಾಡುತ್ತವೆ. ಬೆಲೆ ವಾಲಿಬಾಲ್ ಪ್ಯಾಡಿನ ಹಲವು ಪಟ್ಟು.

ಇಷ್ಟಕ್ಕೂ ಅದು ಮಾಡುವ ಕೆಲಸವೇನು?

ಈ ರಬ್ಬರ್ ಪ್ಯಾಡಿನ ಮುಖ್ಯ ಕೆಲಸ ಪೆಟ್ಟು ತಡೆಯುವುದಲ್ಲ, ಹಿಡಿದು ನಿಲ್ಲಿಸುವುದು. ಕ್ಲೈಂಬಿಂಗ್‌ನಲ್ಲಿ ನೀಬಾರ್ ಎಂಬ ಒಂದು ಪಟ್ಟು ಇದೆ. ಚಾಚಿಕೊಂಡ ಬಂಡೆಯ ಕೆಳಗೆ ಪಾದವನ್ನು ಒಂದು ಅಂಚಿನ ಮೇಲಿಟ್ಟು, ಮೊಣಕಾಲನ್ನು ಎದುರಿನ ಕಲ್ಲಿನಡಿ ಸೇರಿಸಿ, ಹಿಮ್ಮಡಿ ಎತ್ತಿ ಮೀನಖಂಡವನ್ನು ಬಿಗಿ ಮಾಡಬೇಕು. ಆಗ ಪಾದ ಮತ್ತು ಮೊಣಕಾಲಿನ ನಡುವಿನ ಕಾಲು, ಬಾಗಿಲಿಗೆ ಕೊಟ್ಟ ಅಗುಳಿಯಂತೆ ಎರಡು ಕಲ್ಲುಗಳ ನಡುವೆ ಬಿಗಿದು ನಿಲ್ಲುತ್ತದೆ. ಸರಿಯಾಗಿ ಕೂತರೆ ಒಂದು ಕೈ, ಕೆಲವೊಮ್ಮೆ ಎರಡೂ ಕೈ ಬಿಟ್ಟು ದಣಿವಾರಿಸಿಕೊಳ್ಳಬಹುದು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹೆಸರು ಮೊಣಕಾಲಿನದಾದರೂ ಕಲ್ಲಿಗೆ ಒತ್ತಬೇಕಾದ್ದು ಮೊಣಕಾಲಿನ ಚಿಪ್ಪಲ್ಲ, ಅದರ ಮೇಲಿನ ತೊಡೆಯ ಕೊನೆಯ ಭಾಗ. ಚಿಪ್ಪು ತುಂಬ ಮಾಂಸವಿಲ್ಲದ ಎಲುಬು. ಅದರ ಮೇಲೆ ಮೈಭಾರ ಬಿದ್ದರೆ ನೋವು ಸಹಿಸಲಾಗದು. ತೊಡೆಯ ಸ್ನಾಯು ಮೆತ್ತನೆಯದು, ಒತ್ತಡ ತಡೆಯುತ್ತದೆ. ಆದ್ದರಿಂದಲೇ ಒಳ್ಳೆಯ ಪ್ಯಾಡಿನ ರಬ್ಬರ್ ಚಿಪ್ಪಿನಿಂದ ಮೇಲಕ್ಕೆ ತೊಡೆಯ ಕಡೆ ಹೆಚ್ಚು ಹರಡಿರುತ್ತದೆ.

ಜಗತ್ತಿನ ಅತಿ ಕಠಿಣ ಮಾರ್ಗವೊಂದರ ಕಥೆಯಲ್ಲೂ ಈ ಪಟ್ಟು ಇದೆ. ಜೆಕ್ ದೇಶದ ಆ್ಯಡಂ ಓಂಡ್ರಾ 2017ರ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಫ್ಲಾಟಾಂಗರ್ ಗುಹೆಯಲ್ಲಿ ‘ಸೈಲೆನ್ಸ್’ ಎಂಬ ಮಾರ್ಗವನ್ನು ಮೊದಲ ಬಾರಿಗೆ ಏರಿದರು. 9ಸಿ ಎಂಬ ದರ್ಜೆ ಪಡೆದ ಮೊದಲ ಮಾರ್ಗ ಅದು. ಆ ಏರುವಿಕೆಯ ನಡುವೆ ಅವರು ದಣಿವಾರಿಸಿಕೊಂಡದ್ದು ಮೊಣಕಾಲು ಸಿಕ್ಕಿಸಿಯೇ. ಅದಕ್ಕೆಂದೇ ಮೀನಖಂಡಕ್ಕೆ ವಿಶೇಷ ತಾಲೀಮು ಮಾಡಿದ್ದರು. ಹೋಲಿಕೆಗೆ ಹೇಳುವುದಾದರೆ, ನಮ್ಮ ಬಾದಾಮಿಯ ಹೆಸರಾಂತ ಕಠಿಣ ಮಾರ್ಗ ‘ಗಣೇಶ’ದ ದರ್ಜೆ 8ಬಿ ಪ್ಲಸ್. ಅಲ್ಲಿಂದ 9ಸಿ ಏಳು ಮೆಟ್ಟಿಲು ಮೇಲೆ.

ಪ್ಯಾಡ್ ಬಂದ ಮೇಲೆ ಕ್ಲೈಂಬರ್‌ಗಳ ನಡುವೆ ವಾದವೂ ಹುಟ್ಟಿದೆ. ಹಳೆಯ ಮಾರ್ಗವನ್ನು ಪ್ಯಾಡ್ ಕಟ್ಟಿ ಏರಿದರೆ ಮೊದಲಿನವರಷ್ಟು ಕಷ್ಟಪಟ್ಟಂತಾಯಿತೇ ಎಂದು ಕೆಲವರು ಕೇಳುತ್ತಾರೆ. ಶೂ ಕೂಡ ರಬ್ಬರ್‌ನದೇ ಅಲ್ಲವೇ ಎಂದು ಉಳಿದವರು ಮರುಪ್ರಶ್ನೆ ಹಾಕುತ್ತಾರೆ. ಎರಡೂ ಕಡೆ ಅರ್ಥವಿದೆ. ಹೊಸಬರಾದ ನಾವು ತಲೆ ಕೆಡಿಸಿಕೊಳ್ಳಬೇಕಾದ ವಾದವಂತೂ ಅಲ್ಲ.

ನಿಮಗೆ ಬೇಕೇ?

ಮೊದಲ ಶಿಬಿರಕ್ಕೆ ಹೊರಟವರಿಗೆ ನೇರ ಉತ್ತರ: ಬೇಡ. ಬಾದಾಮಿಯ ನೇರ ಗೋಡೆಗಳಲ್ಲಿ ಹೊಸಬರು ಏರುವ ಮಾರ್ಗಗಳಲ್ಲಿ ಮೊಣಕಾಲು ಸಿಕ್ಕಿಸುವ ಜಾಗವೇ ಅಪರೂಪ. ಅಲ್ಲದೆ ತರಬೇತುದಾರರು ಮೊದಲ ದಿನ ಹೇಳಿಕೊಡುವ ಪಾಠಗಳಲ್ಲೊಂದು ‘ಮೊಣಕಾಲು ಊರಬೇಡಿ’ ಎಂಬುದು. ಮೇಲಿನ ಅಂಚು ಹತ್ತುವಾಗ ಪಾದಕ್ಕೆ ಬದಲು ಮೊಣಕಾಲನ್ನು ಇಟ್ಟರೆ, ಮುಂದಿನ ಹೆಜ್ಜೆಗೆ ಎದ್ದು ನಿಲ್ಲಲು ದಾರಿ ಇರುವುದಿಲ್ಲ, ತೂಕವೂ ಹೊರಕ್ಕೆ ವಾಲುತ್ತದೆ. ಪ್ಯಾಡ್ ಕಟ್ಟಿಕೊಂಡ ಹೊಸಬರು ನೋವಾಗದ ಕಾರಣ ಊರುತ್ತಲೇ ಹೋಗುತ್ತಾರೆ. ಕಾಲು ಎತ್ತಿಡುವ ಅಭ್ಯಾಸ ಬರುವುದೇ ಇಲ್ಲ.

ಹಣ ಇದ್ದರೆ ಖರ್ಚಿನ ಸಾಲು ಹೀಗಿರಲಿ. ಮೊದಲು ಹೆಲ್ಮೆಟ್, ಹಾರ್ನೆಸ್. ಸಾಮಾನ್ಯವಾಗಿ ಶಿಬಿರದವರೇ ಕೊಡುತ್ತಾರೆ. ಸ್ವಂತಕ್ಕೆ ಕೊಳ್ಳುವುದಾದರೆ ಹೆಲ್ಮೆಟ್ ಮೇಲೆ ಇಎನ್ 12492, ಹಾರ್ನೆಸ್ ಮೇಲೆ ಇಎನ್ 12277 ಗುರುತು ನೋಡಿಕೊಳ್ಳಿ. ಆಮೇಲೆ ಸರಿಯಾದ ಅಳತೆಯ ಕ್ಲೈಂಬಿಂಗ್ ಶೂ. ನಂತರ ಚಾಕ್ ಪುಡಿ ಮತ್ತು ಅದರ ಚೀಲ. ಒಂದೆರಡು ಸೀಸನ್ ಏರಿ, ಚಾಚು ಬಂಡೆಗಳ ಮಾರ್ಗಕ್ಕೆ ಕೈ ಹಾಕಿ, ‘ಇಲ್ಲೊಂದು ನೀಬಾರ್ ಸಿಗ್ತಿತ್ತು’ ಎಂದು ನಿಮಗೇ ಅನ್ನಿಸತೊಡಗಿದಾಗ ಪ್ಯಾಡಿನ ಸರದಿ.

ಅಳತೆ ತಪ್ಪಿದರೆ ಹಣ ನೀರಿಗೆ

ನಮ್ಮ ಕಡೆಯ ಊರುಗಳಲ್ಲಿ ಇದನ್ನು ಹಾಕಿ ನೋಡಿ ಕೊಳ್ಳುವ ಅಂಗಡಿ ಸಿಗುವುದು ಕಷ್ಟ. ಹೆಚ್ಚಿನವರು ತರಿಸುವುದು ಆನ್‌ಲೈನ್‌ನಲ್ಲಿ. ಹಾಗಾಗಿ ದರ್ಜಿಯ ಟೇಪು ಹಿಡಿದು ಮನೆಯಲ್ಲೇ ಅಳೆಯಬೇಕು.

ನಿಂತುಕೊಂಡು ಅಳೆಯಿರಿ. ತೊಡೆ ಬಿಗಿ ಮಾಡಿ, ಮೊಣಕಾಲ ಚಿಪ್ಪಿನ ಮೇಲಂಚಿನಿಂದ ಕಂಪನಿ ಹೇಳಿದಷ್ಟು ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಈ ಎತ್ತರ ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಒಬ್ಬರ ‘ಮೀಡಿಯಂ’ ಇನ್ನೊಬ್ಬರ ‘ಸ್ಮಾಲ್’ ಆಗಬಹುದು. ಚಿಪ್ಪಿನ ನಡುಭಾಗದ ಸುತ್ತಳತೆ ಮತ್ತು ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಿ. ಎರಡೂ ಕಾಲು ಅಳೆಯಿರಿ. ಸೈಕಲ್ ತುಳಿಯುವವರು ಮತ್ತು ಓಟಗಾರರು ವಿಶೇಷವಾಗಿ ಗಮನಿಸಿ, ನಿಮ್ಮ ತೊಡೆ ದಪ್ಪ, ಮೊಣಕಾಲು ಸಣ್ಣ ಇರಬಹುದು. ಅಂಥ ಕಾಲಿಗೆ ಒಂದೇ ಅಗಲದ ತೋಳು ಮೇಲೆ ಬಿಗಿ, ಕೆಳಗೆ ಸಡಿಲ ಆಗುತ್ತದೆ. ಎರಡು ಪ್ರತ್ಯೇಕ ಪಟ್ಟಿ ಇರುವ ಮಾದರಿ ಇವರಿಗೆ ಹೊಂದುತ್ತದೆ.

ಎರಡು ಅಳತೆಗಳ ನಡುವೆ ಬಿದ್ದರೆ ಸಾಮಾನ್ಯವಾಗಿ ಚಿಕ್ಕದೇ ಮೇಲು. ನಿಯೋಪ್ರೀನ್ ಬಳಸುತ್ತಾ ಹಿಗ್ಗುತ್ತದೆ. ಸಡಿಲ ಪ್ಯಾಡ್ ಎಷ್ಟೇ ಒಳ್ಳೆಯ ರಬ್ಬರಿನದಾದರೂ ವ್ಯರ್ಥ. ರಬ್ಬರ್ ಕಲ್ಲನ್ನು ಹಿಡಿದು ನಿಲ್ಲುತ್ತದೆ, ಕಾಲು ಮಾತ್ರ ಒಳಗಿಂದ ಜಾರಿ ಹೋಗುತ್ತದೆ.

ಕೊಳ್ಳುವ ಮೊದಲು ಹಿಂದಿರುಗಿಸುವ ಷರತ್ತು ಓದಿ. ಬಂದ ಪ್ಯಾಡನ್ನು ಲೇಬಲ್ ಕೀಳದೆ, ಸ್ವಚ್ಛ ಕಾಲಿಗೆ ಹಾಕಿ ಮನೆಯಲ್ಲೇ ಪರೀಕ್ಷಿಸಿ. ಕುರ್ಚಿಯಲ್ಲಿ ಕುಳಿತು, ಅಲುಗಾಡದ ಭಾರದ ಮೇಜಿನಡಿ ಮೊಣಕಾಲು ಸೇರಿಸಿ. ಮಧ್ಯೆ ಸಂದು ಉಳಿದರೆ ಪಾದದಡಿ ದಪ್ಪ ಪುಸ್ತಕಗಳನ್ನಿಡಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಇದಕ್ಕೂ ಬರುತ್ತವೆ! ಈಗ ಹಿಮ್ಮಡಿ ಎತ್ತಿ ಒತ್ತಿ, ಹತ್ತು ಸೆಕೆಂಡ್ ಹಿಡಿದು, ದೇಹವನ್ನು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಪ್ಯಾಡ್ ಜಾರಿತೇ? ಪಕ್ಕಕ್ಕೆ ತಿರುಗಿತೇ? ಮಡಿಕೆ ಬಿದ್ದು ಚರ್ಮ ಚಿವುಟಿತೇ? ಮೂರಕ್ಕೂ ‘ಇಲ್ಲ’ ಎಂದರೆ ಇಟ್ಟುಕೊಳ್ಳಿ.

ಕಟ್ಟುವುದರಲ್ಲೂ ಕ್ರಮವಿದೆ

ಪ್ಯಾಡ್ ಬರಿಯ ಚರ್ಮದ ಮೇಲೆ ಚೆನ್ನಾಗಿ ಕೂಡುತ್ತದೆ. ಸಡಿಲ ಪ್ಯಾಂಟಿನ ಮೇಲೆ ಕಟ್ಟಿದರೆ ಬಟ್ಟೆಯೇ ಜಾರುತ್ತದೆ. ಲೆಗಿಂಗ್ಸ್ ಹಾಕುವವರು ಮೈಗೆ ಅಂಟಿದಂಥ ತೆಳ್ಳನೆಯದನ್ನು ಹಾಕಿ, ಅದರ ಮೇಲೆ ಕಟ್ಟಿ, ಮೇಜಿನ ಪರೀಕ್ಷೆಯನ್ನು ಆ ಉಡುಪಿನಲ್ಲೇ ಮಾಡಿ ನೋಡಬೇಕು. ಕಾಲಿಗೆ ಹಚ್ಚಿದ ಎಣ್ಣೆ, ಕ್ರೀಮು, ಬೆವರು ಎಲ್ಲ ಒರೆಸಿರಬೇಕು.

ಮೊಣಕಾಲನ್ನು ಸ್ವಲ್ಪ ಮಡಚಿಕೊಂಡು ತೋಳನ್ನು ಏರಿಸಿ. ರಬ್ಬರಿನ ಬಹುಭಾಗ ಚಿಪ್ಪಿನ ಮೇಲಿನ ತೊಡೆಗೆ ಬರಲಿ. ಮೊದಲು ತೊಡೆಯ ಪಟ್ಟಿ, ಆಮೇಲೆ ಕೆಳಗಿನದು. ಪಟ್ಟಿ ಯಾವತ್ತೂ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಕೂಡಬಾರದು, ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ಅಲ್ಲಿಯೇ ಹಾದು ಹೋಗುತ್ತದೆ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಎಲುಬಿನ ಗಂಟೊಂದಿದೆ. ಅದರ ಪಕ್ಕದಲ್ಲಿ ಪಾದವನ್ನು ಮೇಲೆತ್ತುವ ನರ ಚರ್ಮಕ್ಕೆ ತೀರ ಹತ್ತಿರದಲ್ಲಿ ಸಾಗುತ್ತದೆ. ಅಲ್ಲಿ ಪಟ್ಟಿ ಬಿಗಿಯಾದರೆ ಪಾದ ಜುಮ್ಮೆನ್ನುತ್ತದೆ. ಜುಮ್ಮೆಂದ ಕೂಡಲೇ ಬಿಚ್ಚಿಬಿಡಿ, ತಡೆದುಕೊಳ್ಳುವ ಶೌರ್ಯ ಬೇಡ.

ಏರುವಾಗಷ್ಟೇ ಬಿಗಿ, ಕೆಳಗೆ ಬಂದ ಮೇಲೆ ಸಡಿಲ. ಇದನ್ನು ನಿಯಮ ಮಾಡಿಕೊಳ್ಳಿ. ಬಾದಾಮಿಯಲ್ಲಿ ಏರಲು ಹಿತವಾದ ಕಾಲ ನವೆಂಬರ್‌ನಿಂದ ಫೆಬ್ರುವರಿ. ಆ ತಿಂಗಳುಗಳಲ್ಲೂ ಮಧ್ಯಾಹ್ನದ ಬಿಸಿಲಿಗೆ ನಿಯೋಪ್ರೀನ್ ಒಳಗೆ ಬೆವರು ಸುರಿಯುತ್ತದೆ, ಬೆವರಿದರೆ ಪ್ಯಾಡ್ ಜಾರುತ್ತದೆ. ನೆರಳಿನ ಗೋಡೆ, ನೆರಳಿನ ಹೊತ್ತು ಆರಿಸಿಕೊಳ್ಳಿ. ಕೆಲವು ಅನುಭವಿಗಳು ಜಾರದಿರಲೆಂದು ಚರ್ಮಕ್ಕೆ ಅಂಟು ಸಿಂಪಡಿಸುತ್ತಾರೆ, ಟೇಪ್ ಸುತ್ತುತ್ತಾರೆ. ಕೀಳುವಾಗ ಕೂದಲ ಜೊತೆ ಚರ್ಮವೂ ಬರುತ್ತದೆ, ಕೆಲವರಿಗೆ ಗುಳ್ಳೆಯೂ ಏಳುತ್ತದೆ. ಅಳತೆ ಸರಿ ಇದ್ದವರಿಗೆ ಇದರ ಗೊಡವೆ ಬೇಕಾಗದು.

ಮನೆಗೆ ಬಂದ ಮೇಲೆ ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮಣ್ಣಿನ ಪದರ ಉಳಿದರೆ ಹಿಡಿತ ಹೋಗುತ್ತದೆ. ತೋಳನ್ನು ತಣ್ಣೀರಿನಲ್ಲಿ ಕೈಯಿಂದ ತೊಳೆದು ನೆರಳಲ್ಲಿ ಒಣಗಿಸಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಹಾಕಿದರೆ ಅಂಟು ಬಿಟ್ಟು ರಬ್ಬರ್ ಮೇಲೇಳುತ್ತದೆ.

ಸೈಕಲ್ ಟ್ಯೂಬಿನ ಉಪಾಯ

ಹಣವಿಲ್ಲದಾಗ ಉಪಾಯ ಹೊಳೆಯುತ್ತದೆ. ಸೈಕಲ್ಲಿಗೆ ಹೆಸರಾದ ನಮ್ಮ ಜಿಲ್ಲೆಯಲ್ಲಿ ಹಳೆಯ ಟ್ಯೂಬಿಗೆ ಬರವಿಲ್ಲ. ಅದನ್ನು ಕತ್ತರಿಸಿ ನೀ ಕ್ಯಾಪಿಗೆ ಅಂಟಿಸಿದರೆ ಆಗದೇ? ತರಚು ತಡೆಯಲು ಆದೀತು, ನೀಬಾರ್‌ಗೆ ನಂಬುವಂತಿಲ್ಲ. ಟ್ಯೂಬಿನ ರಬ್ಬರ್ ಗಾಳಿ ಹಿಡಿದಿಡಲು ಮಾಡಿದ್ದು, ಕ್ಲೈಂಬಿಂಗ್ ರಬ್ಬರ್ ಕಲ್ಲಿನ ಸಣ್ಣ ಏರುತಗ್ಗುಗಳಿಗೆ ಒತ್ತಿ ಕೂಡಲು ಮಾಡಿದ್ದು. ಬೇಕಾದರೆ ಶೂಗಳ ಅಡಿ ಬದಲಿಸಲು ಮಾರುವ ಕ್ಲೈಂಬಿಂಗ್ ರಬ್ಬರ್ ಹಾಳೆಯನ್ನು ತರಿಸಿ, ಚಪ್ಪಲಿ ಹೊಲಿಯುವವರ ಕೈಯಲ್ಲಿ ದಪ್ಪ ನಿಯೋಪ್ರೀನ್ ತೋಳಿಗೆ ಅಂಟಿಸಿ ಅಂಚು ಹೊಲಿಸಬಹುದು. ಕಾರ್ಖಾನೆಯ ಪ್ಯಾಡುಗಳು ಬರುವ ಮೊದಲು ಹೊರದೇಶಗಳಲ್ಲೂ ಕ್ಲೈಂಬರ್‌ಗಳು ಮಾಡಿಕೊಳ್ಳುತ್ತಿದ್ದದ್ದು ಇದನ್ನೇ. ಆದರೆ ಅಂಟು ಬಿಡುತ್ತದೋ ಇಲ್ಲವೋ ಎಂಬುದನ್ನು ನೆಲದ ಹತ್ತಿರವೇ ಒತ್ತಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

ಪ್ಯಾಡ್ ಕಾಯದ ಗಾಯ

ಪ್ಯಾಡ್ ಉಳಿಸುವುದು ಚರ್ಮವನ್ನು, ತಡೆಯುವುದು ಮೂಗೇಟನ್ನು. ಕೀಲಿನ ಒಳಗಿನ ಕಟ್ಟುಗಳನ್ನೂ ಮೆದ್ದೆಲುಬಿನ ಗಾದಿಯನ್ನೂ ಅದು ಕಾಯುವುದಿಲ್ಲ. ಸಿಕ್ಕಿಸಿದ ಮೊಣಕಾಲನ್ನು ತಿರುಚಿ ಎಳೆದರೆ, ಹಿಮ್ಮಡಿಯನ್ನು ಎತ್ತರದ ಅಂಚಿಗೆ ಕೊಕ್ಕೆ ಹಾಕಿ ಜಗ್ಗಿದರೆ, ಮೊಣಕಾಲನ್ನು ಒಳಕ್ಕೆ ಮುರಿದಂತೆ ಇಳಿಸಿ ಮೇಲೆ ಚಾಚಿದರೆ ಕೀಲಿನ ಮೇಲೆ ತಿರುಚು ಬೀಳುತ್ತದೆ. ‘ಟಕ್’ ಎಂಬ ಸದ್ದಿನೊಂದಿಗೆ ಏನೋ ಹರಿದಂತಾದರೆ, ಕೆಲವೇ ಗಂಟೆಗಳಲ್ಲಿ ಊತ ಬಂದರೆ, ಮೊಣಕಾಲು ನಡುವೆಯೇ ಸಿಕ್ಕಿಹಾಕಿಕೊಂಡರೆ, ಮೆಟ್ಟಿಲಿಳಿಯುವಾಗ ಕುಸಿದರೆ ಅದು ಮುಲಾಮು ಹಚ್ಚಿ ಮಲಗುವ ಗಾಯವಲ್ಲ. ಎಲುಬು–ಕೀಲು ತಜ್ಞರಿಗೆ ತೋರಿಸಬೇಕು. ಪ್ಯಾಡ್ ಬಿಗಿ ಮಾಡಿ ಮತ್ತೆ ಏರುವುದು ಹುಚ್ಚು ಧೈರ್ಯ.

ಕಾನ್‌ಸ್ಟೇಬಲ್ ಹುದ್ದೆಗೆ 1600 ಮೀಟರ್ ಓಟದ ಪರೀಕ್ಷೆ ಕಾಯುತ್ತಿದ್ದರೆ ಇದು ಇನ್ನೂ ಮುಖ್ಯ. ಕೀಲಿನ ಕಟ್ಟು ಹರಿದರೆ ಮರಳಿ ಓಡಲು ತಿಂಗಳುಗಳೇ ಬೇಕು. ಅಧಿಸೂಚನೆ ಯಾರಿಗಾಗಿಯೂ ಕಾಯುವುದಿಲ್ಲ, ವಯೋಮಿತಿಯಂತೂ ಇಲ್ಲವೇ ಇಲ್ಲ. ದೈಹಿಕ ಪರೀಕ್ಷೆಯ ದಿನಾಂಕ ಹತ್ತಿರವಿದ್ದರೆ ಬಂಡೆ ಒಂದು ಸೀಸನ್ ಕಾಯಲಿ, ಅದು ಎಲ್ಲಿಗೂ ಹೋಗುವುದಿಲ್ಲ.

ನೀಬಾರ್‌ನದೇ ಇನ್ನೊಂದು ಅಪಾಯವಿದೆ. ಕೈ ಬಿಟ್ಟು ವಿರಮಿಸುವಾಗ ಪಾದ ಜಾರಿ, ದೇಹ ತಲೆಕೆಳಗಾಗಿ ಬೀಳಬಹುದು. ಆದ್ದರಿಂದ ಹೆಲ್ಮೆಟ್ ಇಲ್ಲದೆ, ಹಗ್ಗ ಹಿಡಿದವರ ಗಮನ ನಿಮ್ಮ ಮೇಲಿಲ್ಲದೆ ಈ ಪಟ್ಟು ಹಾಕಬಾರದು. ಕಲಿಯುವಾಗ ಮೇಲಿನಿಂದ ಹಗ್ಗ ಇಳಿಬಿಟ್ಟಿರಬೇಕು.

ಎಲ್ಲಿ, ಯಾರ ಜೊತೆ?

ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ವಿಡಿಯೊಗಳನ್ನು ನಾವೆಲ್ಲ ನೋಡಿದ್ದೇವೆ. ಜನ ಅವರನ್ನು ಕೋತಿರಾಜ್ ಎಂದು ಪ್ರೀತಿಯಿಂದ ಕರೆಯುತ್ತಾರೆ. ಬೆರಗಿನಿಂದ ನೋಡೋಣ, ಅನುಕರಣೆ ಬೇಡ. ಕಲಿಯುವ ಮನಸ್ಸಿದ್ದರೆ ದಾರಿ ಇದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಅದರ ಶಿಬಿರಗಳ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ಟೋಕಿಯೊ ಒಲಿಂಪಿಕ್ಸ್‌ನಿಂದ ಸ್ಪೋರ್ಟ್ ಕ್ಲೈಂಬಿಂಗ್ ಪದಕದ ಕ್ರೀಡೆಯಾಗಿದೆ. ಇದು ಬರೀ ಹುಚ್ಚಾಟ ಎಂದು ಮನೆಯವರು ಬೈದರೆ ಈ ಮಾತು ಹೇಳಿ.

ಬಾದಾಮಿಯಲ್ಲಿ ಒಂದು ಗೆರೆ ದಾಟಬಾರದು. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಆ ಗುಹೆಗಳು, ಗುಡಿಗಳು, ಕೋಟೆಯ ಕಲ್ಲುಗಳು ಏರುವುದಕ್ಕಲ್ಲ. ತರಬೇತುದಾರರು ತೋರಿಸಿದ ಬಂಡೆಗಳನ್ನಷ್ಟೇ ಏರಿ. ಮಳೆ ಬಿದ್ದ ಮರಳುಗಲ್ಲು ಒಣಗುವವರೆಗೆ ಮುಟ್ಟಬೇಡಿ, ಒದ್ದೆ ಇದ್ದಾಗ ಅಂಚುಗಳು ಕಿತ್ತುಬರುತ್ತವೆ. ಹೆಜ್ಜೇನಿನ ಗೂಡು ಕಂಡ ಗೋಡೆಯಿಂದ ಸದ್ದಿಲ್ಲದೆ ದೂರ ಸರಿಯಿರಿ. ಪ್ಯಾಡು, ತಿಂಡಿ ಇಟ್ಟ ಚೀಲದ ಬಾಯಿ ಕಟ್ಟಿರಲಿ, ಅಲ್ಲಿನ ಮಂಗಗಳಿಗೆ ಜಿಪ್ ತೆಗೆಯಲು ಬರುತ್ತದೆ.

ಕಾಲೇಜುಗಳಿಗೆ ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ಪ್ರತಿ ವಿದ್ಯಾರ್ಥಿಯೂ ಪ್ಯಾಡ್ ಕೊಳ್ಳಬೇಕಿಲ್ಲ. ಎನ್‌ಸಿಸಿ, ಎನ್‌ಎಸ್‌ಎಸ್ ಅಥವಾ ಕ್ರೀಡಾ ವಿಭಾಗ ಬೇರೆ ಬೇರೆ ಅಳತೆಯ ಎರಡು–ಮೂರು ಜೊತೆ ಕೊಂಡು, ಕ್ರಿಕೆಟ್ ಕಿಟ್‌ನಂತೆ ರಿಜಿಸ್ಟರ್ ಬರೆದು ಕೊಟ್ಟರೆ ಸಾಕು. ಬಳಸಿದವರು ತೊಳೆದು ಒಣಗಿಸಿ ಹಿಂದಿರುಗಿಸಲಿ. ಹೊಸಬರಿಗೆ ಹಾಕಿ ನೋಡಲು ಒಂದು ಪ್ಯಾಡ್ ಸಿಕ್ಕಂತಾಗುತ್ತದೆ. ತನಗೆ ಬೇಕೋ ಬೇಡವೋ ಎಂಬುದು ಹಣ ಹೋಗುವ ಮೊದಲೇ ಗೊತ್ತಾಗುತ್ತದೆ.